ಲೆಕ್ಕದ ಕಡತ ಬರಿದಾಗಿ ಕಂಡರೆ

ಕಳೆದ ಕಡಲೆಕಾಯಿ ಸುಗ್ಗಿ ಮುಗಿದ ಮೇಲಿನ ಮಾತು. ನಾನು ಓಡಾಡುವ ಹೋಬಳಿಯಲ್ಲಿ ರೈತರೇ ಸೇರಿ ಕಟ್ಟಿಕೊಂಡ ಉತ್ಪಾದಕರ ಕಂಪನಿಯೊಂದಿದೆ. ಸದಸ್ಯರ ಕಾಯನ್ನೆಲ್ಲ ಒಂದೆಡೆ ಕೂಡಿಸಿ ಎಣ್ಣೆ ಗಿರಣಿಗೆ ಮಾರಿದ್ದರು. ಗಿರಣಿಯ ಹಣ ಬ್ಯಾಂಕಿಗೆ ಬಂದಾಗಿತ್ತು. ಮರುದಿನ ಬೆಳಿಗ್ಗೆ ಅದನ್ನು ಸದಸ್ಯರ ಖಾತೆಗಳಿಗೆ ಹಂಚಬೇಕು. ಯಾರು ಎಷ್ಟು ಚೀಲ ಹಾಕಿದ್ದಾರೆ, ತೇವಾಂಶಕ್ಕೆ ಎಷ್ಟು ಕಡಿತ, ಬಿತ್ತನೆ ಬೀಜಕ್ಕೆಂದು ಪಡೆದ ಮುಂಗಡ ಎಷ್ಟು, ಕೊಡಬೇಕಾದ ಬಾಕಿ ಎಷ್ಟು ಎಂಬ ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿ ಒಂದೇ ಎಕ್ಸೆಲ್ ಕಡತದಲ್ಲಿತ್ತು.

ಸಂಜೆ ಆರರ ಹೊತ್ತಿಗೆ ಲೆಕ್ಕ ಬರೆಯುವ ಹುಡುಗಿ ಕಡತ ತೆರೆದಳು. ಎಕ್ಸೆಲ್ ತೆರೆಯಿತು. ಮೇಲೆ ಗುಂಡಿಗಳ ಸಾಲು ಎಂದಿನಂತೆಯೇ ಇತ್ತು. ಕೆಳಗೆ ಮಾತ್ರ ಬರೀ ಬೂದು ಬಣ್ಣ. ಗೆರೆಯಿಲ್ಲ, ಅಂಕಿಯಿಲ್ಲ, ಒಂದು ಹೆಸರೂ ಇಲ್ಲ. ಮುಚ್ಚಿ ಮತ್ತೆ ತೆರೆದಳು, ಅದೇ ಬೂದು. ಅಲ್ಲಿದ್ದ ನಿರ್ದೇಶಕರೊಬ್ಬರು, "ಹೋಗಲಿ, ಅದೇ ಹೆಸರಿನಲ್ಲಿ ಹೊಸ ಹಾಳೆ ಮಾಡಿ ರಾತ್ರಿ ಕೂತು ಬರೆದುಬಿಡಿ, ತೂಕದ ಚೀಟಿ ಹೇಗೂ ಇವೆಯಲ್ಲ" ಎಂದರಂತೆ. ಚೀಟಿಗಳು ಅರ್ಧ ಕಚೇರಿಯಲ್ಲಿ, ಇನ್ನರ್ಧ ರೈತರ ಅಂಗಿ ಜೇಬುಗಳಲ್ಲಿ. ಅಂಗಿ ಒಗೆಯಲು ಹೋದದ್ದೆಷ್ಟೋ. ಹುಡುಗಿ ಹೆದರಿ ನನಗೆ ಫೋನು ಮಾಡಿದಳು. ಏನನ್ನೂ ಮುಟ್ಟಬೇಡ, 'ಸೇವ್' ಮಾತ್ರ ಒತ್ತಲೇಬೇಡ ಎಂದು ಹೇಳಿ ಬೈಕು ಹತ್ತಿದೆ.

ನಾವು ಕೃಷಿ ಕಾಲೇಜಿನಲ್ಲಿ ಓದಿದ್ದು ಮಣ್ಣು, ಬೀಜ, ಕೀಟ, ರೋಗ. ಈ ಲೆಕ್ಕದ ಹಾಳೆಯನ್ನು ಕಲಿತದ್ದು ಕಚೇರಿಯಲ್ಲಿ, ತಪ್ಪು ಮಾಡಿ ಮಾಡಿ. ಆದರೂ ಇಂದು ಹಳ್ಳಿಹಳ್ಳಿಯಲ್ಲಿ ಸ್ವಸಹಾಯ ಸಂಘ, ಉತ್ಪಾದಕರ ಕಂಪನಿ, ನೀರು ಬಳಕೆದಾರರ ಸಂಘ, ಯಂತ್ರ ಬಾಡಿಗೆ ಕೇಂದ್ರ ಎಲ್ಲವೂ ಕಡತವನ್ನೇ ನೆಚ್ಚಿಕೊಂಡಿರುವಾಗ, ಅದು ಬರಿದಾಗಿ ಕಂಡಾಗ ಏನು ಮಾಡಬೇಕೆಂಬುದು ಕೃಷಿಯ ಮಾತಲ್ಲವೆಂದು ಹೇಳಲಾಗದು. ಬೆಳೆದ ಬೆಳೆಯ ದುಡ್ಡು ಕೊನೆಗೆ ನಿಲ್ಲುವುದು ಆ ಸಾಲುಗಳಲ್ಲಿಯೇ.

ಮೋಟಾರು ತಿರುಗುತ್ತದೆ, ನೀರು ಬರುವುದಿಲ್ಲ ಎಂದಿಟ್ಟುಕೊಳ್ಳಿ. ಬಾವಿ ಬತ್ತಿತೆಂದು ತಕ್ಷಣ ಹೊಸ ಬಾವಿ ಕೊರೆಸಲು ಯಾರೂ ಹೊರಡುವುದಿಲ್ಲ. ಗೇಟ್ ವಾಲ್ವ್ ಮುಚ್ಚಿದೆಯೇ, ಫುಟ್ ವಾಲ್ವ್‌ನಲ್ಲಿ ಕಸ ಸಿಕ್ಕಿದೆಯೇ, ಪೈಪಿನಲ್ಲಿ ಗಾಳಿ ತುಂಬಿದೆಯೇ, ಮೂರು ಫೇಸಿನ ತಂತಿ ಅದಲುಬದಲಾಗಿ ಮೋಟಾರು ಹಿಂದಕ್ಕೆ ತಿರುಗುತ್ತಿದೆಯೇ ಎಂದು ಒಂದೊಂದಾಗಿ ನೋಡುತ್ತೇವೆ. ಖರ್ಚಿಲ್ಲದ್ದನ್ನು ಮೊದಲು, ಖರ್ಚಿನದ್ದನ್ನು ಕೊನೆಗೆ. ಬರಿದಾದ ಕಡತಕ್ಕೂ ಇದೇ ಕ್ರಮ. ನಾನು ಕಂಡ ಇಂಥ ಪ್ರಕರಣಗಳಲ್ಲಿ ಬಹುಪಾಲು ಲೆಕ್ಕ ಅಲ್ಲೇ ಇತ್ತು, ಕಣ್ಣಿಗೆ ಬೀಳುತ್ತಿರಲಿಲ್ಲ ಅಷ್ಟೆ.

ಮೊದಲು ಮಾಡಬಾರದ್ದು

ಬರಿದಾಗಿ ಕಂಡ ಕಡತದಲ್ಲಿ ಒಂದಕ್ಷರವನ್ನೂ ಬರೆಯಬಾರದು. ಮುಚ್ಚುವಾಗ ಬದಲಾವಣೆ ಉಳಿಸಬೇಕೇ ಎಂದು ಯಂತ್ರ ಕೇಳಿದರೆ 'ಡೋಂಟ್ ಸೇವ್' ಎಂಬುದನ್ನೇ ಒತ್ತಬೇಕು. ಬಳಿಕ ಕಡತದ ಮೇಲೆ ಮೌಸಿನ ಬಲಗುಂಡಿ ಒತ್ತಿ, 'ಕಾಪಿ' ಮಾಡಿ ಬೇರೊಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳಬೇಕು. ಮುಂದಿನ ಪ್ರಯೋಗಗಳೆಲ್ಲ ಆ ನಕಲಿನ ಮೇಲೆ. ಮೂಲಪ್ರತಿ ಹಾಗೆಯೇ ಇರಲಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಪಕ್ಕದ ತಾಲ್ಲೂಕಿನ ಒಂದು ಸಂಘದಲ್ಲಿ ಹೀಗೆಯೇ ಬರಿದಾದ ಕಡತವನ್ನು ಕಂಡು, ಅದೇ ಹೆಸರಿನಲ್ಲಿ ಹೊಸ ಹಾಳೆ ಮಾಡಿ ಹಳೆಯದರ ಮೇಲೆಯೇ ಉಳಿಸಿಬಿಟ್ಟರು. ಎರಡು ವರ್ಷದ ಷೇರು ಹಣದ ಲೆಕ್ಕ ಅದರಡಿ ಹೂತು ಹೋಯಿತು. ನನ್ನನ್ನು ಕರೆದಾಗ ಮಾಡಲು ಏನೂ ಉಳಿದಿರಲಿಲ್ಲ. ರಸೀದಿ ಪುಸ್ತಕದ ಕಾರ್ಬನ್ ಪ್ರತಿಗಳನ್ನು ಮುಂದಿಟ್ಟುಕೊಂಡು ಮೂರು ವಾರ ಕೂತು ಬರೆದರು. ಕಾರ್ಬನ್ ಮಸುಕಾದ ಕಡೆ ಜಗಳವಾಯಿತು. ಒಬ್ಬ ಹಿರಿಯರು ತಾವು ಕಟ್ಟಿದ್ದು ಎರಡು ಸಾವಿರ ಎಂದರು, ಪುಸ್ತಕದಲ್ಲಿ ಓದಲಾದದ್ದು ಒಂದು ಸಾವಿರ. ಅವರು ಸಂಘ ಬಿಟ್ಟರು. ಯಂತ್ರ ಆ ಲೆಕ್ಕವನ್ನು ನುಂಗಿರಲಿಲ್ಲ, ಅದರ ಮೇಲೆ ಮಣ್ಣು ಎಳೆದವರು ನಾವೇ.

ಕಡತವನ್ನು ತೂಗಿ ನೋಡಿ

ಚೀಲ ಬಿಚ್ಚದೆಯೇ ಒಳಗೆ ಕಾಯಿ ಇದೆಯೋ ಇಲ್ಲವೋ ಎಂದು ತಕ್ಕಡಿ ಹೇಳುತ್ತದೆ. ಕಡತಕ್ಕೂ ತೂಕವಿದೆ. ಅದರ ಮೇಲೆ ಬಲಗುಂಡಿ ಒತ್ತಿ ಕೊನೆಯಲ್ಲಿರುವ 'ಪ್ರಾಪರ್ಟೀಸ್' ತೆರೆದರೆ 'ಸೈಜ್' ಎಂಬ ಸಾಲು ಕಾಣುತ್ತದೆ. ಏನೂ ಬರೆಯದ ಹೊಸ ಎಕ್ಸೆಲ್ ಪುಸ್ತಕವೇ ಹತ್ತು ಕೆಬಿಯ ಆಸುಪಾಸಿನಲ್ಲಿರುತ್ತದೆ. ನಿಮ್ಮದು ಅದಕ್ಕಿಂತ ಸಾಕಷ್ಟು ಹೆಚ್ಚು ತೂಗಿದರೆ ಒಳಗೆ ಸರಕಿದೆ ಎಂದೇ ತಿಳಿಯಿರಿ, ಧೈರ್ಯದಿಂದ ಮುಂದುವರಿಯಿರಿ. ಸೊನ್ನೆ ಕೆಬಿ ಎಂದಿದ್ದರೆ ಮಾತ್ರ ಆ ಕಡತದಲ್ಲಿ ನಿಜಕ್ಕೂ ಏನೂ ಇಲ್ಲ. ನಕಲು ಮುಗಿಯುವ ಮೊದಲೇ ಪೆನ್‌ಡ್ರೈವ್ ಕಿತ್ತಾಗ, ಉಳಿಸುತ್ತಿರುವಾಗಲೇ ಕರೆಂಟು ಹೋದಾಗ ಹೀಗಾಗುವುದುಂಟು. ಆಗ ಆ ಕಡತದೊಡನೆ ಗುದ್ದಾಡದೆ ಹಳೆಯ ಪ್ರತಿ ಹುಡುಕುವುದು ಲೇಸು.

ಇನ್ನೊಂದು ಸುಲಭದ ಪರೀಕ್ಷೆಯೂ ಇದೆ. ಕಡತದ ನಕಲನ್ನು ನಿಮ್ಮದೇ ಫೋನಿಗೆ ಕಳಿಸಿಕೊಂಡು ತೆರೆಯಿರಿ, ಇಲ್ಲವೇ ಬೇರೆ ಕಂಪ್ಯೂಟರಿನಲ್ಲಿ ನೋಡಿ. ಬೆಲೆಯಿಲ್ಲದೆ ಸಿಗುವ ಲಿಬ್ರೆ ಆಫೀಸ್ ತಂತ್ರಾಂಶದಲ್ಲಾದರೂ ಸರಿ. ಅಲ್ಲಿ ಕಂಡರೆ ಕಡತಕ್ಕೆ ರೋಗವಿಲ್ಲ, ನಿಮ್ಮ ಯಂತ್ರದ ಎಕ್ಸೆಲ್‌ನಲ್ಲಿಯೋ ಅದರ ಜೋಡಣೆಯಲ್ಲಿಯೋ ಏನೋ ಇದೆ ಎಂದರ್ಥ.

ಬರಿದು ಎಂಥದ್ದು?

ಬರಿದಿನಲ್ಲಿ ಎರಡು ಬಗೆ. ಗೆರೆಗಳೂ ಇಲ್ಲದೆ ಇಡೀ ಬಯಲು ಬೂದಾಗಿ ಕಾಣುವುದು ಒಂದು. ಗೆರೆ ಎಳೆದ ಚೌಕಗಳು ಕಾಣುತ್ತವೆ, ಒಳಗೆ ಬರಹ ಮಾತ್ರ ಇಲ್ಲ ಎಂಬುದು ಇನ್ನೊಂದು. ಎರಡಕ್ಕೂ ಮದ್ದು ಬೇರೆ. ಎಲೆ ಹಳದಿಯಾದದ್ದು ಸಾರಜನಕದ ಕೊರತೆಯಿಂದಲೋ ಬೇರಿಗೆ ನೀರು ನಿಂತದ್ದರಿಂದಲೋ ಎಂದು ನೋಡದೆ ಯೂರಿಯಾ ಎರಚುವವರನ್ನು ನಾನು ದಿನವೂ ಕಾಣುತ್ತೇನೆ, ಅದಕ್ಕೇ ಈ ಮಾತು.

ಬಯಲೆಲ್ಲ ಬೂದಾಗಿದ್ದರೆ ಮೊದಲ ಅನುಮಾನ ಕಿಟಕಿ ಮರೆಯಾಗಿರುವುದರ ಮೇಲೆ ಇರಲಿ. ಎಕ್ಸೆಲ್‌ನಲ್ಲಿ ಮೇಲ್ಗಡೆ 'ವ್ಯೂ' ಎಂಬ ವಿಭಾಗವಿದೆ. ಅದರಲ್ಲಿ 'ಹೈಡ್' ಮತ್ತು 'ಅನ್‌ಹೈಡ್' ಎಂಬ ಎರಡು ಗುಂಡಿಗಳು ಅಕ್ಕಪಕ್ಕ ಇವೆ. 'ಹೈಡ್' ಒತ್ತಿದರೆ ತೆರೆದ ಪುಸ್ತಕ ಪೂರ್ತಿಯಾಗಿ ಪರದೆಯ ಹಿಂದೆ ಸರಿಯುತ್ತದೆ. ಆ ಸ್ಥಿತಿಯಲ್ಲಿಯೇ ಎಕ್ಸೆಲ್ ಮುಚ್ಚಿ, ಉಳಿಸಬೇಕೇ ಎಂಬ ಪ್ರಶ್ನೆಗೆ ಹೂಂ ಎಂದುಬಿಟ್ಟರೆ ಮರೆಯಾದ ಸ್ಥಿತಿಯೇ ಕಡತದಲ್ಲಿ ಅಚ್ಚಾಗುತ್ತದೆ. ಮುಂದೆ ಎಷ್ಟು ಸಲ ತೆರೆದರೂ ಅದು ಪರದೆಯ ಹಿಂದೆಯೇ ತೆರೆದುಕೊಳ್ಳುತ್ತದೆ. 'ಅನ್‌ಹೈಡ್' ಒತ್ತಿದಾಗ ಚಿಕ್ಕ ಪಟ್ಟಿಯೊಂದು ಬರುತ್ತದೆ, ಅದರಲ್ಲಿ ನಿಮ್ಮ ಕಡತದ ಹೆಸರನ್ನು ಆರಿಸಿ 'ಓಕೆ' ಎನ್ನಿ. ಪಟ್ಟಿಯಲ್ಲಿ 'ಪರ್ಸನಲ್' ಎಂಬ ಹೆಸರೂ ಕಾಣಬಹುದು, ಅದು ಎಕ್ಸೆಲ್‌ನ ಒಳಗಿನ ಪುಸ್ತಕ, ಅದನ್ನು ಮುಟ್ಟಬೇಡಿ. ಹಾಳೆ ಕಾಣಿಸಿಕೊಂಡ ಮೇಲೆ, ಎಲ್ಲ ಸರಿಯಾಗಿದೆಯೆಂದು ಕಣ್ಣಾಡಿಸಿ, ಈಗ 'ಸೇವ್' ಒತ್ತಬೇಕು. ಒತ್ತದಿದ್ದರೆ ನಾಳೆ ಮತ್ತೆ ಬೂದು.

ನಮ್ಮ ಕಡಲೆಕಾಯಿ ಲೆಕ್ಕದಲ್ಲಿ ಆಗಿದ್ದುದು ಇಷ್ಟೇ. ಹಿಂದಿನ ದಿನ ಲೆಕ್ಕ ತನಿಖೆಗೆ ಬಂದಿದ್ದವರೊಬ್ಬರು ಎರಡು ಪುಸ್ತಕ ತೆರೆದು ಹೋಲಿಸುವಾಗ ಒಂದನ್ನು 'ಹೈಡ್' ಮಾಡಿ, ಹಾಗೆಯೇ ಉಳಿಸಿ ಎದ್ದು ಹೋಗಿದ್ದರು. ಎರಡು ಗುಂಡಿ ಒತ್ತಿದ್ದಕ್ಕೆ ಇನ್ನೂರು ಚಿಲ್ಲರೆ ಹೆಸರುಗಳೂ ಎದ್ದು ಬಂದವು. ಹೊಸದಾಗಿ ಬರೆಯಲು ಹೇಳಿದ್ದ ನಿರ್ದೇಶಕರು ಕುರ್ಚಿಯಿಂದೆದ್ದು ಹೊರಗೆ ಹೋಗಿ ಒಂದು ಬೀಡಿ ಸೇದಿ ಬಂದರು. ಬಾಕಿ ಹಣ ಮರುದಿನವೇ ಖಾತೆಗಳಿಗೆ ಹೋಯಿತು.

'ಅನ್‌ಹೈಡ್' ಗುಂಡಿ ಮಂಕಾಗಿ ಒತ್ತಲು ಬಾರದಂತಿದ್ದರೆ ಕಾರಣ ಬೇರೆ. ಎಕ್ಸೆಲ್ ಒಳಗಿನಿಂದಲೇ 'ಫೈಲ್', 'ಓಪನ್' ಒತ್ತಿ ಕಡತ ತೆರೆದು ನೋಡಿ. ಹಾಗೆ ತೆರೆದರೆ ಕಂಡು, ಕಡತದ ಮೇಲೆ ಎರಡು ಬಾರಿ ಒತ್ತಿದಾಗ ಮಾತ್ರ ಬೂದಾಗುವುದಾದರೆ, 'ಫೈಲ್', 'ಆಪ್ಷನ್ಸ್', 'ಅಡ್ವಾನ್ಸ್ಡ್' ಎಂದು ಹೋಗಿ, ಕೆಳಗೆ 'ಜನರಲ್' ಎಂಬ ತಲೆಬರಹದಡಿ ನೋಡಿ. 'ಇಗ್ನೋರ್ ಅದರ್ ಅಪ್ಲಿಕೇಷನ್ಸ್' ಎಂದು ಶುರುವಾಗಿ 'ಡೈನಮಿಕ್ ಡೇಟಾ ಎಕ್ಸ್‌ಚೇಂಜ್' ಎಂದು ಮುಗಿಯುವ ಸಾಲಿನ ಮುಂದೆ ಗುರುತಿದ್ದರೆ ತೆಗೆಯಿರಿ. ನೀವು ಎರಡು ಬಾರಿ ಒತ್ತಿದಾಗ 'ಈ ಕಡತ ತೆರೆ' ಎಂಬ ಸಂದೇಶವನ್ನು ವಿಂಡೋಸ್ ಎಕ್ಸೆಲ್‌ಗೆ ಮುಟ್ಟಿಸುತ್ತದೆ. ಆ ಗುರುತಿದ್ದರೆ ಎಕ್ಸೆಲ್ ಸಂದೇಶಕ್ಕೆ ಕಿವಿಗೊಡುವುದಿಲ್ಲ, ತಾನು ಮಾತ್ರ ಎದ್ದು ಕೂರುತ್ತದೆ.

ಸಭೆಯಲ್ಲಿ ಪ್ರೊಜೆಕ್ಟರಿಗೆ ಜೋಡಿಸಿದ್ದ ಲ್ಯಾಪ್‌ಟಾಪನ್ನು ಮನೆಗೆ ತಂದಾಗ ಕಿಟಕಿ ಪರದೆಯ ಆಚೆ ಎಲ್ಲೋ ನಿಂತುಬಿಡುವುದೂ ಉಂಟು. ವಿಂಡೋಸ್ ಗುರುತಿನ ಕೀಲಿಯನ್ನು ಹಿಡಿದು ಮೇಲ್ಮುಖ ಬಾಣ ಒತ್ತಿದರೆ ಅದು ಪರದೆ ತುಂಬ ಬಂದು ನಿಲ್ಲುತ್ತದೆ.

ಗೆರೆ ಇದ್ದೂ ಬರಹವಿಲ್ಲದಿದ್ದರೆ

ಇಲ್ಲಿ ಕಾರಣಗಳು ಹೆಚ್ಚು, ಎಲ್ಲವೂ ಮನುಷ್ಯನ ಕೈಯಿಂದಾದವು. ಮೊದಲು 'ಕಂಟ್ರೋಲ್' ಕೀಲಿ ಹಿಡಿದು 'ಎಂಡ್' ಒತ್ತಿ. ಹಾಳೆಯಲ್ಲಿ ಬಳಸಿದ ಕೊನೆಯ ಚೌಕಕ್ಕೆ ಎಕ್ಸೆಲ್ ನಿಮ್ಮನ್ನು ಒಯ್ಯುತ್ತದೆ. ಇನ್ನೂರನೆಯ ಸಾಲಿಗೋ ಹನ್ನೆರಡನೆಯ ಕಾಲಮ್ಮಿಗೋ ಹೋದರೆ, ಅಲ್ಲಿಯವರೆಗೆ ಯಾರೋ ಉತ್ತಿದ್ದಾರೆ ಎಂದಾಯಿತು. ಮೊದಲ ಚೌಕದಲ್ಲೇ ನಿಂತರೆ ಆ ಹಾಳೆ ನಿಜಕ್ಕೂ ಖಾಲಿ, ಲೆಕ್ಕ ಬೇರೆ ಹಾಳೆಯಲ್ಲಿರಬೇಕು. 'ಕಂಟ್ರೋಲ್' ಹಿಡಿದು 'ಹೋಮ್' ಒತ್ತಿದರೆ ಮೊದಲಿಗೆ ಬರುತ್ತೀರಿ. ಎಷ್ಟೋ ಸಲ ಇಷ್ಟರಲ್ಲಿಯೇ ಸಮಸ್ಯೆ ಮುಗಿಯುತ್ತದೆ, ಏಕೆಂದರೆ ಹಿಂದೆ ಬಳಸಿದವರು ಹಾಳೆಯನ್ನು ಬಹುದೂರ ಸರಿಸಿ ಹಾಗೆಯೇ ಉಳಿಸಿರುತ್ತಾರೆ. ಈಗಿನ ಎಕ್ಸೆಲ್‌ನ ಒಂದು ಹಾಳೆಯಲ್ಲಿ 10,48,576 ಸಾಲುಗಳೂ 16,384 ಕಾಲಮ್ಮುಗಳೂ ಇವೆ. ಅಷ್ಟು ದೊಡ್ಡ ಹೊಲದ ಮೂಲೆಯಲ್ಲಿ ನಿಂತು ನೋಡಿದರೆ ಒಂದು ಮಡಿ ಬೆಳೆ ಎಲ್ಲಿ ಕಂಡೀತು!

ಹಾಳೆಯೇ ಬಚ್ಚಿಟ್ಟಿದ್ದರೆ, ಕೆಳಗೆ ಹಾಳೆಗಳ ಹೆಸರಿರುವ ಚೀಟಿಯ ಮೇಲೆ ಬಲಗುಂಡಿ ಒತ್ತಿ 'ಅನ್‌ಹೈಡ್' ಎನ್ನಬೇಕು. ಮೊದಲು ಹೇಳಿದ 'ಅನ್‌ಹೈಡ್' ಇಡೀ ಪುಸ್ತಕದ್ದು, ಇದು ಒಂದೊಂದು ಹಾಳೆಯದ್ದು. ಎರಡನ್ನೂ ಒಂದೇ ಎಂದುಕೊಂಡು ಮೋಸ ಹೋಗುವವರಿದ್ದಾರೆ. ಮಂಕಾಗಿದ್ದರೆ ಬಚ್ಚಿಟ್ಟ ಹಾಳೆ ಇಲ್ಲ, ಅಥವಾ 'ರಿವ್ಯೂ' ವಿಭಾಗದ 'ಪ್ರೊಟೆಕ್ಟ್ ವರ್ಕ್‌ಬುಕ್' ಮೂಲಕ ಬೀಗ ಹಾಕಿದ್ದಾರೆ. ಬೀಗ ಹಾಕಿದವರನ್ನೇ ಕೀಲಿ ಕೇಳಿ.

ಎಲ್ಲಕ್ಕಿಂತ ಹೆಚ್ಚು ಕಂಡುಬರುವ ಕಾರಣ ಫಿಲ್ಟರ್, ಅಂದರೆ ಜರಡಿ. ಯಾರೋ ಒಂದು ಊರಿನ ರೈತರನ್ನಷ್ಟೇ ನೋಡಲು ಜರಡಿ ಹಿಡಿದಿರುತ್ತಾರೆ. ಬಳಿಕ ಇನ್ನೊಂದು ಕಾಲಮ್ಮಿನಲ್ಲಿ ಬೆಳೆ ಆರಿಸುತ್ತಾರೆ. ಆ ಊರಿನಲ್ಲಿ ಆ ಬೆಳೆ ಇಟ್ಟವರು ಯಾರೂ ಇಲ್ಲ, ಹೀಗಾಗಿ ತಲೆಬರಹವೊಂದೇ ಉಳಿದು ಕೆಳಗೆಲ್ಲ ಖಾಲಿ. ನಮ್ಮ ಪಟ್ಟಿಗಳಲ್ಲಿ ಒಂದೇ ಊರಿನ ಹೆಸರನ್ನು ಮೂರು ರೀತಿ ಬರೆದಿರುತ್ತೇವೆ, 'ಹಳ್ಳಿ' ಎಂದು ಒಮ್ಮೆ, 'ಹಳ್ಳ' ಎಂದು ಒಮ್ಮೆ, ನಡುವೆ ಜಾಗ ಬಿಟ್ಟು ಒಮ್ಮೆ. ಜರಡಿಗೆ ಇವೆಲ್ಲ ಬೇರೆ ಬೇರೆ ಊರುಗಳು. ರಾಗಿ ಬೀಜದ ವಿತರಣೆಯಲ್ಲಿ ಒಬ್ಬ ರೈತರ ಹೆಸರೇ ಇಲ್ಲವೆಂದು ವಾಪಸು ಕಳಿಸಿದ್ದನ್ನು ನಾನು ಕಂಡಿದ್ದೇನೆ. ಹೆಸರಿತ್ತು, ಜರಡಿಯ ಕೆಳಗಿತ್ತು. ಎಡಬದಿಯ ಸಾಲು ಸಂಖ್ಯೆಗಳು ನೀಲಿ ಬಣ್ಣಕ್ಕೆ ತಿರುಗಿದ್ದರೆ, ಒಂದರ ನಂತರ ನಲವತ್ತೇಳು ಎಂದು ಹಾರಿದ್ದರೆ ಜರಡಿ ಇದೆ ಎಂದೇ ಲೆಕ್ಕ. 'ಡೇಟಾ' ವಿಭಾಗದಲ್ಲಿ 'ಕ್ಲಿಯರ್' ಒತ್ತಿದರೆ ಎಲ್ಲ ಸಾಲುಗಳೂ ಮರಳುತ್ತವೆ. ಸಂಖ್ಯೆಗಳು ಹಾರಿದ್ದು, ನೀಲಿಯಾಗಿಲ್ಲದಿದ್ದರೆ ಸಾಲುಗಳನ್ನು ಕೈಯಿಂದಲೇ ಮುಚ್ಚಿದ್ದಾರೆ. ಎಡಮೂಲೆಯ ತ್ರಿಕೋನ ಒತ್ತಿ ಇಡೀ ಹಾಳೆ ಆರಿಸಿ, ಸಾಲು ಸಂಖ್ಯೆಯ ಮೇಲೆ ಬಲಗುಂಡಿ ಒತ್ತಿ 'ಅನ್‌ಹೈಡ್' ಎನ್ನಿ.

ಬಿಳಿ ಹಾಳೆಯ ಮೇಲೆ ಬಿಳಿ ಶಾಯಿಯಲ್ಲಿ ಬರೆದವರೂ ಇದ್ದಾರೆ. ಮುದ್ರಿಸಿದಾಗ ಕಾಣಬಾರದೆಂದು ಆಧಾರ್ ಸಂಖ್ಯೆಗಳನ್ನು ಬಿಳಿ ಮಾಡಿಟ್ಟ ಕಡತವೊಂದು ನನ್ನ ಕೈಗೆ ಬಂದಿತ್ತು. ಖಾಲಿ ಎನಿಸಿದ ಚೌಕದ ಮೇಲೆ ಒತ್ತಿ, ಮೇಲಿನ ಉದ್ದ ಪಟ್ಟಿಯಲ್ಲಿ ಏನು ಬರುತ್ತದೆ ನೋಡಿ. ಅಲ್ಲಿ ಬರಹ ಮೂಡಿದರೆ ಶಾಯಿಯದೇ ದೋಷ. 'ಹೋಮ್' ವಿಭಾಗದಲ್ಲಿ ಅಕ್ಷರದ ಬಣ್ಣವನ್ನು ಕಪ್ಪು ಮಾಡಿ, ಸಂಖ್ಯೆಯ ರೂಪವನ್ನು 'ಜನರಲ್' ಎಂದಿಡಿ. ಬಿಳಿ ಶಾಯಿ ಗುಟ್ಟು ಕಾಯುವ ದಾರಿಯಲ್ಲ, ಒಂದು ಸಲ ಒತ್ತಿದವರಿಗೆಲ್ಲ ಕಾಣುತ್ತದೆ. ತೂಕದ ಚೀಟಿಯ ಫೋಟೋ ಅಂಟಿಸಿದ ಹಾಳೆಯಲ್ಲಿ ಚಿತ್ರಗಳು ಮಾತ್ರ ಮಾಯವಾಗಿದ್ದರೆ 'ಕಂಟ್ರೋಲ್' ಹಿಡಿದು ಆರನ್ನು ಒತ್ತಿ ನೋಡಿ, ಚಿತ್ರಗಳನ್ನು ಮರೆಮಾಡುವ ಮತ್ತು ತೋರಿಸುವ ಕೀಲಿ ಅದು.

ಚೌಕದಲ್ಲಿ ಅಂಕಿಯ ಬದಲು ಅಡ್ಡಗೆರೆಯ ಜಾಲರಿಗಳು ಕಂಡರೆ ಹೆದರಬೇಕಿಲ್ಲ, ಕಾಲಮ್ಮು ಕಿರಿದಾಗಿದೆ, ಅಗಲ ಮಾಡಿ. ಆದರೆ ಬ್ಯಾಂಕ್ ಖಾತೆ ಸಂಖ್ಯೆಯ ಮುಂದಿನ ಸೊನ್ನೆಗಳು ಕಾಣದಿದ್ದರೆ ಅದು ಕಣ್ಣಿನ ಮಾತಲ್ಲ, ಸೊನ್ನೆ ಹೋಗಿಯೇ ಬಿಟ್ಟಿದೆ. ಎಕ್ಸೆಲ್ ಅದನ್ನು ಸಂಖ್ಯೆ ಎಂದು ತಿಳಿದು ಮುಂದಿನ ಸೊನ್ನೆ ಉದುರಿಸುತ್ತದೆ. ಹದಿನೈದು ಅಂಕಿಗಳಾಚೆಗಿನದನ್ನು ಸೊನ್ನೆಯಾಗಿ ಬದಲಿಸಿಬಿಡುತ್ತದೆ. ಹದಿನಾರು ಅಂಕಿಯ ಖಾತೆ ಇರುವವರ ಹಣ ಎಲ್ಲಿಗೆ ಹೋದೀತು, ಯೋಚಿಸಿ. ಖಾತೆ ಸಂಖ್ಯೆ ಬರೆಯುವ ಕಾಲಮ್ಮನ್ನು ಬರೆಯುವ ಮೊದಲೇ 'ಟೆಕ್ಸ್ಟ್' ಎಂದು ಮಾಡಿಕೊಳ್ಳಬೇಕು. ಬರೆದ ಮೇಲೆ ಮಾಡಿದರೆ ಹೋದ ಅಂಕಿ ಬಾರದು, ಪಾಸ್‌ಬುಕ್ ನೋಡಿ ಮತ್ತೆ ಬರೆಯಬೇಕು.

ಜಾಲತಾಣದಿಂದ ಇಳಿಸಿದ ಕಡತಗಳು

ಮಾರುಕಟ್ಟೆ ಧಾರಣೆ, ಫಲಾನುಭವಿಗಳ ಪಟ್ಟಿ ಇಂಥವುಗಳನ್ನು ಜಾಲತಾಣದಿಂದ ಇಳಿಸಿದಾಗ ಕೆಲವೊಮ್ಮೆ ಬರಿದು ಹಾಳೆ ತೆರೆಯುತ್ತದೆ. ಹೊರಗಿನಿಂದ ಬಂದ ಕಡತವನ್ನು ವಿಂಡೋಸ್ ಗುರುತು ಹಾಕಿಟ್ಟಿರುತ್ತದೆ, ಎಕ್ಸೆಲ್ ಅದನ್ನು ಕಾವಲಿನಲ್ಲಿಟ್ಟು ತೆರೆಯುತ್ತದೆ. ಮೇಲೆ ಹಳದಿ ಪಟ್ಟಿ ಬಂದರೆ, ಕಳಿಸಿದವರು ಯಾರೆಂದು ಖಚಿತವಿದ್ದರೆ ಮಾತ್ರ, 'ಎನೇಬಲ್ ಎಡಿಟಿಂಗ್' ಒತ್ತಬೇಕು.

ಇನ್ನೊಂದು ಸೂಕ್ಷ್ಮವಿದೆ. ಎಷ್ಟೋ ಜಾಲತಾಣಗಳು ಎಕ್ಸೆಲ್ ಎಂದು ಕೊಡುವುದು ನಿಜವಾದ ಎಕ್ಸೆಲ್ ಕಡತವನ್ನಲ್ಲ, ಜಾಲಪುಟದ ಬರಹಕ್ಕೇ 'ಎಕ್ಸ್‌ಎಲ್‌ಎಸ್' ಎಂಬ ಬಾಲ ಹಚ್ಚಿರುತ್ತಾರೆ. ಇವು ವರ್ಷಗಟ್ಟಲೆ ಸುಮ್ಮನೆ ತೆರೆಯುತ್ತಿದ್ದವು. 2016ರ ಜುಲೈನಲ್ಲಿ ಮೈಕ್ರೋಸಾಫ್ಟ್ ಕಂಪನಿ ಭದ್ರತೆಗೆಂದು ಒಂದು ಪರಿಷ್ಕರಣೆ ಹೊರಡಿಸಿದಾಗ, ಹೊರಗಿನಿಂದ ಬಂದ ಇಂಥ ಕಡತಗಳು ಯಾವ ಎಚ್ಚರಿಕೆಯನ್ನೂ ತೋರದೆ ಖಾಲಿ ಎಕ್ಸೆಲ್ ಆಗಿ ತೆರೆಯತೊಡಗಿದವು. ಅನೇಕ ದೇಶಗಳ ಕಚೇರಿಗಳಲ್ಲಿ ಗಲಿಬಿಲಿಯಾಯಿತು. ಪರಿಹಾರ ಸರಳವಿತ್ತು, ಇಂದಿಗೂ ಪ್ರಯತ್ನಿಸತಕ್ಕದ್ದು. ನಂಬಿಕೆಯ ಕಡತವಾದರೆ ಅದರ 'ಪ್ರಾಪರ್ಟೀಸ್' ತೆರೆದು, ಕೆಳಗೆ 'ಅನ್‌ಬ್ಲಾಕ್' ಎಂಬ ಚೌಕಕ್ಕೆ ಗುರುತು ಹಾಕಿ 'ಓಕೆ' ಎಂದು ಮತ್ತೆ ತೆರೆಯುವುದು. ಕಂಡ ಮೇಲೆ 'ಸೇವ್ ಆಸ್' ಮೂಲಕ ನಿಜವಾದ 'ಎಕ್ಸ್‌ಎಲ್‌ಎಸ್‌ಎಕ್ಸ್' ರೂಪದಲ್ಲಿ ಉಳಿಸಿಕೊಳ್ಳಿ.

ಆ ಹಳೆಯ 'ಎಕ್ಸ್‌ಎಲ್‌ಎಸ್' ರೂಪದ ಬಗೆಗೆ ಇನ್ನೊಂದು ಮಾತು. ಅದರಲ್ಲಿ ಒಂದು ಹಾಳೆಗೆ 65,536 ಸಾಲುಗಳಷ್ಟೇ ಹಿಡಿಸುತ್ತವೆ. 2020ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯ ಕೋವಿಡ್ ಲೆಕ್ಕದಲ್ಲಿ ಈ ಮಿತಿಯಿಂದಾಗಿ 15,841 ರೋಗಿಗಳ ವಿವರ ದಿನದ ಲೆಕ್ಕದಿಂದ ಬಿಟ್ಟುಹೋಗಿತ್ತು. ಕಡತ ತೆರೆಯುತ್ತಿತ್ತು, ತುಂಬಿಯೂ ಕಾಣುತ್ತಿತ್ತು, ಬಾಲ ಮಾತ್ರ ಕತ್ತರಿಸಿತ್ತು. ನಮ್ಮ ಸಂಘಗಳಿಗೆ ಅಷ್ಟು ಸಾಲು ಬೇಕಾಗದು. ಆದರೂ ಇಡೀ ಜಿಲ್ಲೆಯ ಪಟ್ಟಿ ಇಳಿಸಿಕೊಳ್ಳುವವರು ಕೊನೆಯ ಸಾಲಿನ ಸಂಖ್ಯೆ ನೋಡುವುದು ಒಳ್ಳೆಯದು.

ಕನ್ನಡಿಗರಿಗೆ ಇನ್ನೊಂದು ತೊಡಕೂ ಇದೆ. ಹಳೆಯ ನುಡಿ ಅಥವಾ ಬರಹದ ಅಕ್ಷರಗಳಲ್ಲಿ ಬರೆದ ಪಟ್ಟಿಯನ್ನು ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ತೆರೆದರೆ ರೈತರ ಹೆಸರುಗಳ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಕಡತ ಕೆಟ್ಟಿಲ್ಲ. ಆ ಅಕ್ಷರ ವಿನ್ಯಾಸವನ್ನು ಯಂತ್ರಕ್ಕೆ ಹಾಕಿ ಚೌಕಗಳಿಗೆ ಅದನ್ನೇ ಆರಿಸಿದರೆ ಹೆಸರುಗಳು ಮರಳುತ್ತವೆ. ಹೊಸ ಪಟ್ಟಿಗಳನ್ನು ಯೂನಿಕೋಡ್‌ನಲ್ಲಿಯೇ ಬರೆದರೆ ಈ ಗೋಳೇ ಇಲ್ಲ.

ಯಂತ್ರದ ದೋಷ

ಯಾವ ಕಡತ ತೆರೆದರೂ ಬರಿದೇ ಎಂದಾದರೆ ಎಕ್ಸೆಲ್‌ಗೇ ಚಿಕಿತ್ಸೆ ಬೇಕು. 'ಕಂಟ್ರೋಲ್' ಕೀಲಿ ಒತ್ತಿ ಹಿಡಿದೇ ಎಕ್ಸೆಲ್ ತೆರೆದರೆ 'ಸೇಫ್ ಮೋಡ್' ಬೇಕೇ ಎಂದು ಕೇಳುತ್ತದೆ, ಹೂಂ ಎನ್ನಿ. ಹಾಗೆ ತೆರೆದಾಗ ಕಡತ ಕಂಡರೆ ಹೊರಗಿನಿಂದ ಸೇರಿಸಿದ ಯಾವುದೋ ಉಪತಂತ್ರಾಂಶದ ತಂಟೆ, 'ಆಪ್ಷನ್ಸ್' ಒಳಗಿನ 'ಆಡ್-ಇನ್ಸ್'ನಲ್ಲಿ ಒಂದೊಂದನ್ನೇ ತೆಗೆದು ನೋಡಬೇಕು. ಕೆಲವು ಆವೃತ್ತಿಗಳಲ್ಲಿ 'ಅಡ್ವಾನ್ಸ್ಡ್' ಪುಟದ 'ಡಿಸ್‌ಪ್ಲೇ' ಭಾಗದಲ್ಲಿ 'ಡಿಸೇಬಲ್ ಹಾರ್ಡ್‌ವೇರ್ ಗ್ರಾಫಿಕ್ಸ್ ಆಕ್ಸಿಲರೇಷನ್' ಎಂದಿರುತ್ತದೆ, ಹಳೆಯ ಯಂತ್ರಗಳಲ್ಲಿ ಅದಕ್ಕೆ ಗುರುತು ಹಾಕಿದರೆ ಪರದೆ ಸರಿಹೋಗುವುದುಂಟು. ಕೊನೆಗೆ 'ಕಂಟ್ರೋಲ್ ಪ್ಯಾನೆಲ್' ಮೂಲಕ ಆಫೀಸ್ ತಂತ್ರಾಂಶವನ್ನು 'ರಿಪೇರ್' ಮಾಡಬಹುದು. ಅಳಿಸಿ ಮತ್ತೆ ಹಾಕಿಸಬೇಕೆಂದು ಅಂಗಡಿಯವರು ಹೇಳುವುದನ್ನು ಇವೆಲ್ಲ ಮುಗಿದ ಮೇಲೆ ಕೇಳಿದರೆ ಸಾಕು. ಅದಕ್ಕೂ ಮೊದಲು ಎಲ್ಲ ಕಡತಗಳ ನಕಲು ಹೊರಗಿರಲಿ.

ಕಡತವೇ ಕೆಟ್ಟಿದ್ದರೆ

ತೂಕವಿದೆ, ಬೇರೆ ಯಂತ್ರದಲ್ಲಿಯೂ ಕಾಣುವುದಿಲ್ಲ ಎಂದಾದರೆ ನಕಲನ್ನು ತೆಗೆದುಕೊಂಡು 'ಫೈಲ್', 'ಓಪನ್', 'ಬ್ರೌಸ್' ಎಂದು ಹೋಗಿ ಕಡತವನ್ನು ಆರಿಸಿ. ಕೆಳಗಿನ 'ಓಪನ್' ಗುಂಡಿಯ ಬದಿಯ ಚಿಕ್ಕ ಬಾಣ ಒತ್ತಿದರೆ 'ಓಪನ್ ಆಂಡ್ ರಿಪೇರ್' ಸಿಗುತ್ತದೆ. ಅದೂ ಸೋತರೆ ಒಂದು ಉಪಾಯವಿದೆ. 2007ರಿಂದ ಬಂದ 'ಎಕ್ಸ್‌ಎಲ್‌ಎಸ್‌ಎಕ್ಸ್' ಕಡತವೆಂದರೆ ಹಲವು ಚಿಕ್ಕ ಕಡತಗಳನ್ನು ಕಟ್ಟಿದ ಒಂದು ಮೂಟೆ. ನಕಲಿನ ಹೆಸರಿನ ಬಾಲವನ್ನು 'ಜಿಪ್' ಎಂದು ಬದಲಿಸಿ ಬಿಚ್ಚಿದರೆ, ಒಳಗೆ 'ವರ್ಕ್‌ಶೀಟ್ಸ್' ಎಂಬ ಫೋಲ್ಡರಿನಲ್ಲಿ ಅಂಕಿಗಳೂ 'ಶೇರ್ಡ್ ಸ್ಟ್ರಿಂಗ್ಸ್' ಎಂಬ ಕಡತದಲ್ಲಿ ಹೆಸರುಗಳೂ ಸಾದಾ ಬರಹದಲ್ಲಿ ಸಿಗುತ್ತವೆ. ಕೂಡಿಸುವುದು ತಾಳ್ಮೆಯ ಕೆಲಸ, ಬಲ್ಲವರ ನೆರವು ಬೇಕಾದೀತು. ಉಳಿಸದೆ ಮುಚ್ಚಿದ್ದಾದರೆ 'ಫೈಲ್', 'ಇನ್ಫೋ', 'ಮ್ಯಾನೇಜ್ ವರ್ಕ್‌ಬುಕ್' ಒಳಗೆ ಉಳಿಸದ ಪ್ರತಿಗಳನ್ನು ಹುಡುಕಬಹುದು. ಕಡತವನ್ನು ಗೂಗಲ್ ಡ್ರೈವ್ ಅಥವಾ ಒನ್‌ಡ್ರೈವ್‌ನಲ್ಲಿ ಇಟ್ಟವರಿಗೆ ಹಿಂದಿನ ಆವೃತ್ತಿಗಳು ಅಲ್ಲಿಯೇ ಸಿಗುತ್ತವೆ.

ಕಡಲೆಕಾಯಿ ಲೆಕ್ಕದ ಹುಡುಗಿ ಈಗ 'ಸೇವ್ ಆಸ್' ಒಳಗೆ 'ಟೂಲ್ಸ್', 'ಜನರಲ್ ಆಪ್ಷನ್ಸ್' ಎಂದು ಹೋಗಿ 'ಆಲ್ವೇಸ್ ಕ್ರಿಯೇಟ್ ಬ್ಯಾಕಪ್' ಎಂಬುದಕ್ಕೆ ಗುರುತು ಹಾಕಿದ್ದಾಳೆ. ಪ್ರತಿ ಸಲ ಉಳಿಸಿದಾಗಲೂ ಹಿಂದಿನ ಪ್ರತಿಯೊಂದು ಪಕ್ಕದಲ್ಲೇ ನಿಲ್ಲುತ್ತದೆ. ಶನಿವಾರದ ಸಂಜೆ ಒಂದು ನಕಲು ಪೆನ್‌ಡ್ರೈವ್‌ನಲ್ಲಿ ಅಧ್ಯಕ್ಷರ ಮನೆಗೆ ಹೋಗುತ್ತದೆ, ತಿಂಗಳ ಕೊನೆಗೆ ಬಾಕಿಯ ಪಟ್ಟಿ ಮುದ್ರಿಸಿ ಇಬ್ಬರು ನಿರ್ದೇಶಕರ ಸಹಿಯೊಂದಿಗೆ ಬೀರುವಿನಲ್ಲಿ ಕೂರುತ್ತದೆ. ಪೆನ್‌ಡ್ರೈವ್ ಕೀಳುವ ಮೊದಲು 'ಇಜೆಕ್ಟ್' ಒತ್ತುವುದನ್ನು ಮರೆಯದಂತೆ ಮೇಜಿನ ಮೇಲೆ ಚೀಟಿ ಅಂಟಿಸಿದ್ದಾಳೆ. ಬೀಡಿ ಸೇದಿ ಬಂದಿದ್ದ ನಿರ್ದೇಶಕರೇ ಮೊನ್ನೆ ಆ ಚೀಟಿಯನ್ನು ಹೊಸ ಸದಸ್ಯರಿಗೆ ಓದಿ ಹೇಳುತ್ತಿದ್ದರು.